ಮಂಗಳೂರಿನ ಚಾಪೆಲ್‌ನಲ್ಲಿ ಐದು ಮಧ್ಯಾಹ್ನ

ಮಂಗಳೂರಿಗೆ ವೀಕೆಂಡ್ ಟ್ರಿಪ್ ಹೋದವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಪಣಂಬೂರು ಬೀಚು, ಕದ್ರಿ ದೇವಸ್ಥಾನ, ಒಂದು ಒಳ್ಳೆ ಮೀನೂಟ, ಕೊನೆಗೆ ಗಡ್‌ಬಡ್ ಐಸ್‌ಕ್ರೀಂ. ವಾಪಸ್ ಬಸ್ಸಿಗೆ ಇನ್ನೂ ಟೈಮಿದೆ ಅಂದ್ರೆ ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲ್. ಅಲ್ಲಿ ಹೆಚ್ಚಿನವರು ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದಿಲ್ಲ. ಕಾರಣ ಸರಳ, ಒಳಗೆ ಫೋಟೊ ತೆಗೆಯುವಂತಿಲ್ಲ. ಜೇಬಿನಿಂದ ಅರ್ಧ ಹೊರಗೆ ಬಂದ ಮೊಬೈಲು ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಆ ಕೈಗೆ ಏನು ಕೆಲಸ ಕೊಡಬೇಕು ಅಂತ ಗೊತ್ತಾಗದೆ ಜನ ಹೊರಗೆ ಬಂದುಬಿಡುತ್ತಾರೆ.

ನಾನು ಅಲ್ಲಿ ಐದು ಮಧ್ಯಾಹ್ನ ಕೂತಿದ್ದೆ. ಭಕ್ತಿ ಉಕ್ಕಿ ಬಂದು ಅಲ್ಲ. ಅಪ್ಪನ ಸೊಂಟದ ಆಪರೇಷನ್ ಇತ್ತು. ನಮ್ಮ ಮಲೆನಾಡಿನ ಕಡೆಯವರಿಗೆ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರು, ಇನ್ನೂ ದೊಡ್ಡದು ಅಂದ್ರೆ ಮಾತ್ರ ಬೆಂಗಳೂರು. ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟ್ಯಾಂಡಪ್ ಮುಗಿಸುವುದು, ಮಧ್ಯಾಹ್ನ ವಾರ್ಡಿನಿಂದ ನಮ್ಮನ್ನೆಲ್ಲ ಹೊರಗೆ ಕಳಿಸಿದ ಮೇಲೆ ನಾಲ್ಕು ಗಂಟೆಯವರೆಗೆ ಎಲ್ಲಾದರೂ ಕಾಲ ಕಳೆಯುವುದು. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ರಸ್ತೆ ಹಿಡಿದು ಹತ್ತಿದರೆ ಬೆವರು ಸುರಿಯುವುದರೊಳಗೆ ಚಾಪೆಲ್ ಸಿಗುತ್ತದೆ. ಒಳಗೆ ನೆರಳಿದೆ, ಬೆಂಚಿದೆ, ಯಾರೂ ಏನೂ ಕೇಳುವುದಿಲ್ಲ. ಆ ವಾರವೇ ಆಫೀಸಿನಲ್ಲಿ ಅಪ್ರೈಸಲ್ ಫಾರ್ಮ್ ತುಂಬುವ ಕೊನೆಯ ದಿನ ಬೇರೆ.

ಹೊರಗಿನಿಂದ ನೋಡಿದರೆ ಅಂಥ ವಿಶೇಷವೇನಿಲ್ಲ. ಕರಾವಳಿಯ ಹಳೆಯ ಕಾಲೇಜುಗಳ ಹಾಗೆ ಇದೂ ಒಂದು ಕಟ್ಟಡ. ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. 1880ರಲ್ಲಿ ಕಾಲೇಜು ಶುರುವಾಯಿತು, ಅದೇ ದಶಕದಲ್ಲಿ ಈ ಚಾಪೆಲ್ ಎದ್ದಿತು. ಆದರೆ ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಗೋಡೆ, ಕಮಾನು, ಚಾವಣಿ, ಒಂದು ಅಡಿ ಜಾಗವನ್ನೂ ಖಾಲಿ ಬಿಟ್ಟಿಲ್ಲ. ಗೋಡೆಯ ಮೇಲೆ ಫ್ರೆಸ್ಕೊ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಬಿಡಿಸಿದ ತೈಲಚಿತ್ರ. ಕೆಲವು ಹೂಮಾಲೆಗಳು ಉಬ್ಬಿ ನಿಂತಿವೆಯೇನೋ ಅನ್ನಿಸುತ್ತದೆ, ಅದು ಬರೀ ಬಣ್ಣದ ಆಟ. ರೋಮಿನ ಸಿಸ್ಟೀನ್ ಚಾಪೆಲ್‌ಗೆ ಇದನ್ನು ಹೋಲಿಸುವ ಅಭ್ಯಾಸ ನಮ್ಮ ಪ್ರವಾಸಿ ಪುಸ್ತಕಗಳಿಗಿದೆ. ನನಗೆ ಆ ಹೋಲಿಕೆ ಅಷ್ಟು ಇಷ್ಟವಿಲ್ಲ. ನಮ್ಮದು ಎಷ್ಟೇ ಚೆನ್ನಾಗಿದ್ದರೂ ಇನ್ನೊಬ್ಬರ ಹೆಸರಿನಲ್ಲೇ ಗುರುತಿಸಬೇಕಾ?

ಮೊದಲ ದಿನ ನಾನು ಚಾವಣಿಯ ಕಥೆ ಓದುವುದಕ್ಕೇ ಸಮಯ ಕಳೆದೆ. ಅದು ಅಲೋಶಿಯಸ್ ಗೊನ್ಜಾಗನ ಜೀವನ. 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಸಣ್ಣ ಸಂಸ್ಥಾನದ ಅರಸುಮನೆಯಲ್ಲಿ ಹುಟ್ಟಿದ ಹಿರಿಮಗ. ಅಪ್ಪನಿಗೆ ಮಗ ಸೈನಿಕನಾಗಬೇಕು. ಇನ್ನೂ ಹಾಲುಹಲ್ಲು ಬೀಳದ ಮಗುವಿಗೆ ಪುಟ್ಟ ಕವಚ ಹಾಕಿಸಿ ಸೈನ್ಯದ ಬಿಡಾರಕ್ಕೆ ಕರೆದುಕೊಂಡು ಹೋಗಿದ್ದನಂತೆ. ಮುಂದೆ ಹುಡುಗ ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಆಸ್ಥಾನದಲ್ಲಿ ರಾಜಕುಮಾರನ ಸೇವೆಗೂ ನಿಂತ. ಅಷ್ಟೆಲ್ಲ ನೋಡಿದ ಮೇಲೆ, ನನಗೆ ಇದ್ಯಾವುದೂ ಬೇಡ, ನಾನು ಜೆಸ್ವಿಟ್ ಆಗ್ತೀನಿ ಅಂದ. ಅಪ್ಪ ವರ್ಷಗಟ್ಟಲೆ ತಡೆದ. ಕೊನೆಗೆ 1585ರಲ್ಲಿ ಹುಡುಗ ತನ್ನ ಹಕ್ಕನ್ನೆಲ್ಲ ತಮ್ಮ ರೊಡಾಲ್ಫೊನ ಹೆಸರಿಗೆ ಬರೆದುಕೊಟ್ಟು ರೋಮಿಗೆ ಹೋದ. ಆಗ ಅವನಿಗೆ 17 ವರ್ಷ.

ಇದೊಂದು ತಮಾಷೆ ನೋಡಿ. ಅರಮನೆ ಬಿಟ್ಟು ಬಂದ ಹುಡುಗನ ಕಥೆಯನ್ನು ಅರಮನೆಯಂಥ ಚಾವಣಿಯಲ್ಲಿ ಬರೆದಿದ್ದಾರೆ. ಅವನು ಕೆಳಗೆ ನಿಂತಿದ್ದರೆ ಕತ್ತೆತ್ತಿ ನೋಡುವುದಕ್ಕೇ ನಾಚುತ್ತಿದ್ದನೋ ಏನೋ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ರಾಜಕುಮಾರ ಎಲ್ಲ ಬಿಟ್ಟ, ದೀನನಾದ, ಸಂತನಾದ. ಸಣ್ಣವನಿದ್ದಾಗ ಭಾನುವಾರದ ಕ್ಯಾಟಿಕಿಸಂ ತರಗತಿಯಲ್ಲಿ ನಾನು ಕೇಳಿದ್ದೂ ಇಷ್ಟೇ. ಆದರೆ ನನಗೆ ಮುಖ್ಯ ಅನ್ನಿಸುವುದು ಅವನು ಒಳಗೆ ಸೇರಿದ ಮೇಲೆ ಆದ ವಿಷಯ. ಮನೆಯಲ್ಲಿದ್ದಾಗ ಅಲೋಶಿಯಸ್ ತನ್ನಷ್ಟಕ್ಕೇ ಕಠಿಣ ವ್ರತ ಹಿಡಿದಿದ್ದ. ವಾರಕ್ಕೆ ಮೂರು ದಿನ ಬರೀ ರೊಟ್ಟಿ, ನೀರು. ಮೈಗೆ ಚಾವಟಿಯ ಏಟು. ಮಧ್ಯರಾತ್ರಿ ಎದ್ದು ಕಲ್ಲುನೆಲದ ಮೇಲೆ ಪ್ರಾರ್ಥನೆ. ರೋಮಿನ ನವಶಿಷ್ಯರ ಮಠಕ್ಕೆ ಬಂದಾಗ ಹಿರಿಯರು ಇದನ್ನು ನೋಡಿ ಮೆಚ್ಚಲಿಲ್ಲ. ಹೊಟ್ಟೆ ತುಂಬ ಊಟ ಮಾಡು ಅಂದರು. ಎಲ್ಲರ ಜೊತೆ ಕೂತು ಮಾತಾಡು, ಬಿಡುವಿನ ವೇಳೆ ಬಿಡುವಾಗಿರು, ಗೊತ್ತುಮಾಡಿದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಪ್ರಾರ್ಥನೆ ಬೇಡ ಅಂದರು.

ಯೋಚನೆ ಮಾಡಿ. ಸಂಸ್ಥಾನ ಬಿಡುವುದು ಅವನ ಸ್ವಂತ ತೀರ್ಮಾನ. ಉಪವಾಸವೂ ಸ್ವಂತ ತೀರ್ಮಾನ. ಎರಡರಲ್ಲೂ ಅವನು ಹಠಮಾರಿ ಗೊನ್ಜಾಗ ಮನೆತನದ ಹುಡುಗನೇ. ಊಟ ಮಾಡು ಅಂದಾಗ ತಟ್ಟೆ ಮುಂದೆ ಕೂತು ಊಟ ಮಾಡಿದ್ದು ಮಾತ್ರ ಅವನ ತೀರ್ಮಾನ ಅಲ್ಲ. ನನ್ನ ಲೆಕ್ಕದಲ್ಲಿ ಅವನ ದೀನತೆ ಶುರುವಾದದ್ದು ಆ ತಟ್ಟೆಯಿಂದ.

ಕನ್ನಡದಲ್ಲಿ ಈ ಪದದ್ದೇ ಒಂದು ಸಮಸ್ಯೆ. ವಿನಯ ಅಂದ್ರೆ ನಮಗೆ ಒಳ್ಳೆ ನಡವಳಿಕೆ, ದೊಡ್ಡವರು ಬಂದಾಗ ಎದ್ದು ನಿಲ್ಲುವುದು. ದೀನ ಅಂದ್ರೆ ಅಯ್ಯೋ ಪಾಪ ಅನ್ನುವ ಸ್ಥಿತಿ. ಬೈಬಲಿನಲ್ಲಿ ದೀನಮನಸ್ಸು ಎಂದು ಬಂದಾಗ ಕೇಳುವವನ ಕಿವಿಗೆ ಅದು ಎರಡನೆಯದರ ಹತ್ತಿರ ಬೀಳುತ್ತದೆ. ನಾನು ಏನೂ ಅಲ್ಲ, ನನ್ನಿಂದ ಏನೂ ಆಗಲ್ಲ ಅಂತ ತಲೆ ತಗ್ಗಿಸಿ ಮೂಲೆಯಲ್ಲಿ ಕೂರುವುದು. ಅದು ದೀನತೆಯಲ್ಲ, ಅದು ಸುಸ್ತು. ಅಥವಾ ಕೆಲವೊಮ್ಮೆ ಹೊಗಳಿಸಿಕೊಳ್ಳುವ ಉಪಾಯ. ಪ್ರತಿ ಟೀಮಿನಲ್ಲೂ ಒಬ್ಬರಿರುತ್ತಾರಲ್ಲ, "ಅಯ್ಯೋ, ನಾನೇನೂ ಮಾಡಿಲ್ಲ ಬಿಡಿ" ಅಂದು, ಎಲ್ಲರೂ "ಇಲ್ಲ ಇಲ್ಲ, ನೀವೇ ಮಾಡಿದ್ದು" ಅನ್ನುವವರೆಗೆ ಕಾಯುವವರು.

ಜೆಸ್ವಿಟರಲ್ಲಿ ಒಂದು ಪ್ರತಿಜ್ಞೆಯಿದೆ. ಪೂರ್ಣ ದೀಕ್ಷೆ ಪಡೆದವರು, ಸಭೆಯ ಒಳಗಾಗಲಿ ಹೊರಗಾಗಲಿ ಯಾವ ಪದವಿಗೂ ತಾವಾಗಿ ಆಸೆಪಟ್ಟು ಪ್ರಯತ್ನ ಮಾಡುವುದಿಲ್ಲ ಎಂದು ಮಾತು ಕೊಡುತ್ತಾರೆ. ಅಷ್ಟೇ ಅಲ್ಲ, ಬೇರೆಯವರು ಹಾಗೆ ಮಾಡುವುದು ಕಂಡರೆ ಅದನ್ನು ತಿಳಿಸುತ್ತೇವೆ ಎಂದೂ ಹೇಳುತ್ತಾರೆ. ಇದನ್ನು ಬರೆದಿಟ್ಟವನು ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲ. ಅವನೂ ಆಸ್ಥಾನ, ಸೈನ್ಯ ಎರಡನ್ನೂ ಕಂಡವನು. ಪದವಿಯ ಆಸೆ ಮನುಷ್ಯನನ್ನು ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವನು. ಆ ಸಭೆಯಿಂದ ಒಬ್ಬ ಪೋಪ್ ಬರುವುದಕ್ಕೆ 2013ರವರೆಗೆ ಕಾಯಬೇಕಾಯಿತು.

ಈ ಪ್ರತಿಜ್ಞೆಯನ್ನು ನಮ್ಮ ಅಪ್ರೈಸಲ್ ಫಾರ್ಮಿನ ಪಕ್ಕ ಇಟ್ಟು ನೋಡಿ, ನಗು ಬರುತ್ತದೆ. ಆ ಮಧ್ಯಾಹ್ನ ನನ್ನ ಮೊಬೈಲಿನಲ್ಲಿ ಮ್ಯಾನೇಜರ್ ಮೆಸೇಜು ಬಂದು ಕೂತಿತ್ತು: ಸೆಲ್ಫ್ ರೇಟಿಂಗ್ ಕಡಿಮೆ ಹಾಕಬೇಡ, ವಿಸಿಬಿಲಿಟಿ ಬಗ್ಗೆ ಎರಡು ಸಾಲು ಜಾಸ್ತಿ ಬರಿ. ಅವರು ಒಳ್ಳೆಯದಕ್ಕೇ ಹೇಳಿದ್ದು. ಮನೆಗೆ ಇಎಂಐ ಇರುವವನು, ಆಸ್ಪತ್ರೆ ಬಿಲ್ಲು ಎದುರಿಗಿರುವವನು, ನನಗೆ ಪ್ರಮೋಷನ್ ಬೇಡ ಅಂತ ಬರೆದರೆ ಅದು ದೀನತೆಯಾ, ದಡ್ಡತನವಾ? ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರದ್ದಲ್ಲ. ಆದರೆ ತಗ್ಗಿಸಿಕೊಳ್ಳುವವನೇ ಹೆಚ್ಚಿಸಲ್ಪಡುವನು ಎಂದು ಕೇಳುತ್ತಾ ಬೆಳೆದವರಿಗೆ ಸ್ವಲ್ಪ ಜಾಸ್ತಿ ಚುಚ್ಚುತ್ತದೆ.

ಇದಕ್ಕೆ ಉತ್ತರದ ಹತ್ತಿರ ಬರುವಂಥದ್ದು ನನಗೆ ಸಿಕ್ಕಿದ್ದು ಚಿತ್ರದ ಕಥೆಯಲ್ಲಿ ಅಲ್ಲ, ಚಿತ್ರ ಬರೆದವನಲ್ಲಿ.

ಹೆಸರು ಅಂತೋನಿಯೊ ಮೊಸ್ಕೆನಿ. 1854ರಲ್ಲಿ ಬೆರ್ಗಾಮೊ ಪಟ್ಟಣದ ಹತ್ತಿರದ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದವನು. ಬೆರ್ಗಾಮೊದ ಕರ್ರಾರ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತ. ಹೆಸರು ಮಾಡುವ ವಯಸ್ಸು ದಾಟುತ್ತಿರುವಾಗ, 1889ರಲ್ಲಿ, ಜೆಸ್ವಿಟ್ ಸೇರಿದ. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಈ ವ್ಯತ್ಯಾಸ ಕ್ರೈಸ್ತರಲ್ಲದ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಬ್ರದರ್ ಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಆ ಕಾಲದಲ್ಲಿ ಅಡುಗೆ, ಹೊಲಿಗೆ, ತೋಟ, ಬಡಗಿ ಕೆಲಸ, ಕಾಯಿಲೆಯವರ ಆರೈಕೆ ಇದೆಲ್ಲ ಬ್ರದರುಗಳದ್ದು. ಪಾದ್ರಿಗಳ ಫೋಟೊ ಗೋಡೆಯ ಮೇಲಿರುತ್ತದೆ. ಗೋಡೆಗೆ ಮೊಳೆ ಹೊಡೆದವನು ಬ್ರದರ್.

ಮೊಸ್ಕೆನಿಗೆ ಮಂಗಳೂರಿನಲ್ಲಿ ಸಿಕ್ಕಿದ ಕೆಲಸ ಈ ಚಾಪೆಲ್. 1899ರಲ್ಲಿ ಶುರು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬಿಡಿಸಿದ. ಇಟಲಿಯ ಹವೆಯಲ್ಲಿ ಕಲಿತ ಫ್ರೆಸ್ಕೊ ವಿದ್ಯೆಯನ್ನು ಮಂಗಳೂರಿನ ಮಳೆಗಾಲಕ್ಕೆ ಒಗ್ಗಿಸಿಕೊಂಡು.

ಫ್ರೆಸ್ಕೊ ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಫೀಲ್ಡಿನವರಿಗೆ ಹೇಳಲೇಬೇಕು. ಗೋಡೆಗೆ ಸುಣ್ಣದ ಗಾರೆ ಮೆತ್ತುತ್ತಾರೆ. ಅದು ಹಸಿ ಇರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸೇರಿಕೊಂಡುಬಿಡುತ್ತದೆ. ಹಾಗಾಗಿ ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟಕ್ಕೇ ಗಾರೆ ಮೆತ್ತಬೇಕು. ಇಟಲಿಯವರು ಆ ತುಂಡಿಗೆ ಒಂದು ದಿನದ ಕೆಲಸ ಎಂದೇ ಹೆಸರಿಟ್ಟಿದ್ದಾರೆ. ಸಂಜೆ ಹೊತ್ತಿಗೆ ಉಳಿದುಹೋದ ಗಾರೆಯನ್ನು ಕೆರೆದು ತೆಗೆಯಬೇಕು. ಹಸಿಯಲ್ಲಿ ಗಾಢವಾಗಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದನ್ನೂ ಮೊದಲೇ ಊಹಿಸಿರಬೇಕು. ತಪ್ಪಾದರೆ ಅನ್‌ಡೂ ಇಲ್ಲ, ನಾಳೆ ಪ್ಯಾಚ್ ಬಿಡ್ತೀನಿ ಅನ್ನುವಂತಿಲ್ಲ. ಕಿತ್ತು ಹೊಸದಾಗಿ ಗಾರೆ ಮೆತ್ತುವುದೊಂದೇ ದಾರಿ.

ಇಲ್ಲಿ ಎರಡು ವಿಷಯ ಗಮನಿಸಿ. ಮೊಸ್ಕೆನಿ ಬ್ರದರ್ ಆದ ಅಂತ ತನ್ನ ಕೈಚಳಕವನ್ನು ಕಡಿಮೆ ಮಾಡಿಕೊಳ್ಳಲಿಲ್ಲ. ದೀನನಾಗಬೇಕು ಅಂತ ಸಾಧಾರಣ ಚಿತ್ರ ಬರೆಯಲಿಲ್ಲ. ಬಲ್ಲಷ್ಟನ್ನೂ ಸುರಿದಿದ್ದಾನೆ, ಸ್ವಲ್ಪ ಜಾಸ್ತಿಯೇ ಸುರಿದಿದ್ದಾನೆ ಅಂತ ನನಗನ್ನಿಸುತ್ತದೆ, ಕಣ್ಣಿಗೆ ವಿಶ್ರಾಂತಿಯೇ ಇಲ್ಲ. ಆದರೆ ಯಾವ ಊರಿನಲ್ಲಿ ಬರೆಯಬೇಕು, ಯಾವ ಗೋಡೆ, ಯಾರ ಕಥೆ ಅನ್ನುವುದು ಅವನ ಕೈಯಲ್ಲಿರಲಿಲ್ಲ. ಅಕಾಡೆಮಿಯ ಜನರು ನೋಡುವಂಥ ಊರಲ್ಲ ಇದು. ಬೆರ್ಗಾಮೊದಿಂದ ಯಾರು ಬಂದು ನೋಡಬೇಕು? ನೋಡುವವರು ಕಾಲೇಜಿನ ಹುಡುಗರು, ಪರೀಕ್ಷೆಗೆ ಮುಂಚೆ ಮೊಣಕಾಲೂರುವವರು.

ನಮ್ಮಲ್ಲಿ ಗಿಟ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಕೋಡಿನ ಪ್ರತಿ ಸಾಲಿನ ಪಕ್ಕ ಅದನ್ನು ಬರೆದವರ ಹೆಸರು ತೋರಿಸುತ್ತದೆ. ನಾನಿರುವ ಪ್ರಾಜೆಕ್ಟಿನಲ್ಲಿ ಕೆಲಸ ಬಿಟ್ಟುಹೋದವರ ಹೆಸರುಗಳು ಇನ್ನೂ ಅಲ್ಲೇ ನಿಂತಿವೆ, ಕೆಲವು ಸಾಲು ಎಷ್ಟು ಚೆನ್ನಾಗಿವೆ ಅಂದ್ರೆ ಮುಟ್ಟೋಕೇ ಮನಸ್ಸು ಬರಲ್ಲ. ಅವರಿಗೆ ಇದು ಗೊತ್ತಾಗುವುದಿಲ್ಲ. ಕೆಲಸ ಚೆನ್ನಾಗಿರಬೇಕು ಅನ್ನುವುದಕ್ಕೂ ಕೆಲಸ ನನ್ನದೆಂದು ಗೊತ್ತಾಗಬೇಕು ಅನ್ನುವುದಕ್ಕೂ ನಡುವೆ ಒಂದು ಸಣ್ಣ ಬಿರುಕಿದೆ. ಎರಡೂ ಒಟ್ಟಿಗೆ ಇರುವಾಗ ಅದು ಕಾಣುವುದಿಲ್ಲ. ಎರಡನೆಯದನ್ನು ಯಾರಾದರೂ ಕಿತ್ತುಕೊಂಡಾಗ ಮೊದಲನೆಯದು ಉಳಿಯುತ್ತದಾ ಅನ್ನುವುದು ಪರೀಕ್ಷೆ.

ಅಂದಹಾಗೆ ಫಾರ್ಮನ್ನು ನಾನು ಆ ಬೆಂಚಿನ ಮೇಲೇ ಮನಸ್ಸಿನಲ್ಲಿ ತುಂಬಿದೆ. ಮಾಡಿದ್ದನ್ನು ಮಾಡಿದ್ದೇನೆ ಅಂತ ಬರೆದೆ, ಜೂನಿಯರ್ ಹುಡುಗಿ ಮಾಡಿದ್ದನ್ನು ಅವಳ ಹೆಸರಿನಲ್ಲಿ ಬರೆದೆ. ಸತ್ಯ ಬರೆಯುವುದಕ್ಕೆ ಇಷ್ಟೊಂದು ದೇವತಾಶಾಸ್ತ್ರ ಬೇಕಿರಲಿಲ್ಲ ನಿಜ.

ಮೂರನೇ ದಿನದ ಹೊತ್ತಿಗೆ ಚಾಪೆಲ್ ಗುಡಿಸುವ ಅಮ್ಮನ ಪರಿಚಯ ಆಯಿತು. "ನೀವು ದಿನಾ ಬರುವುದಲ್ಲ, ಎಕ್ಸಾಮ್ ಉಂಟಾ?" ಅಂತ ಕೇಳಿದರು. ನನ್ನನ್ನು ವಿದ್ಯಾರ್ಥಿ ಅಂದುಕೊಂಡದ್ದಕ್ಕೆ ಖುಷಿಯಾಯಿತು. ಅಪ್ಪನ ವಿಷಯ ಹೇಳಿದೆ. ಅವರು ತಮ್ಮ ಕಷ್ಟ ಹೇಳಿದರು. "ಮೇಲೆ ನೋಡ್ಲಿಕ್ಕೆ ಅಂತ ಕೆಲವರು ಬೆಂಚಿನ ಮೇಲೆ ಮಲಗುವುದು ಮಾರಾಯ್ರೆ, ಶೂ ಸಮೇತ. ಎಂತ ಹೇಳುವುದು? ನೋಡಿ ಅಂತ ಇಟ್ಟದ್ದು, ನೋಡ್ತಾರೆ. ಒರೆಸುವುದು ನಾನು." ಹೇಳಿ, ನನ್ನ ಕಾಲ ಕಡೆ ಒಮ್ಮೆ ನೋಡಿ ಮುಂದಿನ ಬೆಂಚಿಗೆ ಹೋದರು. ನಾನು ಚಪ್ಪಲಿಯಲ್ಲಿದ್ದೆ.

ಚಾವಣಿಯಲ್ಲಿ ನಾನು ಬಹಳ ಹೊತ್ತು ನೋಡಿದ್ದು ಪ್ಲೇಗಿನ ಚಿತ್ರ. 1591ರಲ್ಲಿ ರೋಮಿನಲ್ಲಿ ಬರಗಾಲ, ಅದರ ಬೆನ್ನಿಗೇ ಪ್ಲೇಗ್. ಜೆಸ್ವಿಟರು ಒಂದು ಆಸ್ಪತ್ರೆ ತೆರೆದರು. ಅಲೋಶಿಯಸ್ ರೋಗಿಗಳಿಗೆಂದು ಬೀದಿಯಲ್ಲಿ ಭಿಕ್ಷೆ ಬೇಡಿದ, ಅವರನ್ನು ಎತ್ತಿ ಹೊತ್ತ, ತೊಳೆದ. ಜೊತೆಗಾರರು ಕೆಲವರಿಗೆ ಸೋಂಕು ತಗುಲಿದಾಗ ಇನ್ನು ಹೋಗಬೇಡ ಅಂದರು. ಮತ್ತೆ ಕೇಳಿಕೊಂಡ ಮೇಲೆ ಸೋಂಕಿನವರನ್ನು ಸೇರಿಸಿಕೊಳ್ಳದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನು ಎತ್ತಿ ಆರೈಕೆ ಮಾಡಿದ ಒಬ್ಬನಿಗೇ ಪ್ಲೇಗ್ ಇತ್ತು. ಮಾರ್ಚಿನಲ್ಲಿ ಹಾಸಿಗೆ ಹಿಡಿದವನು ಜೂನ್ 21ರಂದು ತೀರಿಕೊಂಡ. 23 ವರ್ಷ. ಮೂರು ತಿಂಗಳಿಗೂ ಹೆಚ್ಚು ಕಾಲ ಹಾಸಿಗೆಯಲ್ಲಿ. ಅಂದರೆ ಇನ್ನೊಬ್ಬರನ್ನು ಎತ್ತುತ್ತಿದ್ದವನನ್ನು ಆಮೇಲೆ ಇನ್ನೊಬ್ಬರು ಎತ್ತಿದರು, ತೊಳೆದರು. ಆ ತಿಂಗಳುಗಳ ಚಿತ್ರ ಬರೆಯುವವರು ಕಡಿಮೆ. ಸೇವೆ ಮಾಡುವ ಸಂತ ಚಿತ್ರಕ್ಕೆ ಒಳ್ಳೆ ವಿಷಯ, ಸೇವೆ ಮಾಡಿಸಿಕೊಳ್ಳುವ ಸಂತ ಅಲ್ಲ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಮೂವತ್ತೈದು ವರ್ಷ ಹಾಜರಿ ಪುಸ್ತಕ ಅವರ ಕಂಕುಳಲ್ಲಿ. ಬೆಳಿಗ್ಗೆ ಲೈನ್ ಮನೆಯ ಆಳುಗಳು ಸಾಲಾಗಿ ನಿಂತು ಹೆಸರು ಹೇಳಬೇಕು, ಇವರು ಬರೆದುಕೊಳ್ಳಬೇಕು. ನಮ್ಮೂರಿನ ಚರ್ಚಿನಲ್ಲೂ ಅವರಿಗೆ ಒಂದು ಜಾಗ. ಪವಿತ್ರ ಗುರುವಾರ ಸಂಜೆ ಪಾದ್ರಿಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ. ಆ ಹನ್ನೆರಡು ಕುರ್ಚಿಯಲ್ಲಿ ಒಂದು ಎಷ್ಟೋ ವರ್ಷದಿಂದ ಅಪ್ಪನದ್ದು. ಆ ದಿನ ಮಧ್ಯಾಹ್ನ ನಮ್ಮ ಬಚ್ಚಲಮನೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮ: ಬಿಸಿನೀರು, ಸೋಪು, ಹಿಮ್ಮಡಿ ಉಜ್ಜುವ ಕಲ್ಲು. ಉಗುರು ಕತ್ತರಿಸಿ, ಎಣ್ಣೆ ಹಚ್ಚಿ, ಹೊಸ ಸಾಕ್ಸು. "ತೊಳೆಸ್ಕೊಳ್ಳೋಕೆ ಹೋಗೋದು ತೊಳ್ಕೊಂಡು" ಅಂತ ಅಜ್ಜಿ ನಗುತ್ತಿದ್ದರು. ನೀವು ಯಾವ ಚರ್ಚಿಗಾದರೂ ಹೋಗಿ ನೋಡಿ, ಆ ಹನ್ನೆರಡು ಜೊತೆ ಪಾದಗಳಷ್ಟು ಸ್ವಚ್ಛವಾದ ಪಾದ ಊರಲ್ಲಿ ಬೇರೆ ಇರುವುದಿಲ್ಲ.

ಒಂದು ವರ್ಷ ಹೊಸದಾಗಿ ಬಂದ ಪಾದ್ರಿ ಕುರ್ಚಿಗಳಿಗೆ ಲೈನ್ ಮನೆಯವರನ್ನು ಕರೆದರು. ಪಲ್ಪರ್ ಹೌಸಿನಲ್ಲಿ ಕೆಲಸ ಮಾಡುವವನು, ಚರ್ಚಿನ ಹೊರಗೆ ಚರಂಡಿ ತೆಗೆಯುವವನು, 2016ರಲ್ಲಿ ವ್ಯಾಟಿಕನ್ ಹೆಂಗಸರಿಗೂ ಅವಕಾಶ ಕೊಟ್ಟಿದ್ದರಿಂದ ಇಬ್ಬರು ಅಜ್ಜಿಯರು. ಅಪ್ಪ ಅವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮನೆಗೆ ಬಂದು ಊಟ ಮಾಡದೆ ಮಲಗಿದರು. ಯಾರ ಮೇಲೂ ಸಿಟ್ಟು ತೋರಿಸಲಿಲ್ಲ, "ಒಳ್ಳೇದಾಯ್ತು ಬಿಡು" ಅಂದರು. ಆದರೆ ಆ ಪಾದ್ರಿ ವರ್ಗವಾಗಿ ಹೋಗುವವರೆಗೆ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅಪ್ಪನನ್ನು ನಾನು ದೂರುತ್ತಿಲ್ಲ. ನಮ್ಮ ಚರ್ಚುಗಳಲ್ಲಿ ದೀನತೆಯ ಪ್ರಸಂಗ ಹೆಚ್ಚಾಗಿ ಬೀಳುವುದು ಈಗಾಗಲೇ ಬಗ್ಗಿ ನಿಂತವರ ಮೇಲೆ. ಆಳಿಗೆ ತಗ್ಗಿ ನಡಿ ಅನ್ನುವುದು ಸುಲಭ, ಅವನು ಹೇಗೂ ತಗ್ಗಿಯೇ ಇದ್ದಾನೆ. ಅಲೋಶಿಯಸ್‌ಗೆ ಬಿಡುವುದಕ್ಕೆ ಸಂಸ್ಥಾನವಾದರೂ ಇತ್ತು. ಚರಂಡಿ ತೆಗೆಯುವವನಿಗೆ ಕುರ್ಚಿ ಹಾಕಿ ಕೂರಿಸಿ, ಪಾದ್ರಿ ಅವನ ಮುಂದೆ ಮೊಣಕಾಲೂರಿದಾಗ ಬಗ್ಗಬೇಕಾದವರು ಯಾರು ಅನ್ನುವುದು ಎಲ್ಲರಿಗೂ ಕಂಡಿತು. ನಮ್ಮಪ್ಪನಿಗೂ ಕಂಡಿತು, ಅದಕ್ಕೇ ಊಟ ಸೇರಲಿಲ್ಲ.

ಈಗ ಆಸ್ಪತ್ರೆ. ಆಪರೇಷನ್ ಆಗಿ ನಾಲ್ಕನೇ ದಿನ. ಸೊಂಟ ಬಗ್ಗಿಸುವಂತಿಲ್ಲ, ಕಾಲು ತನಗೇ ಎಟುಕುವುದಿಲ್ಲ. ಹಿಮ್ಮಡಿಯಲ್ಲಿ ಕೊಳೆ, ಉಗುರು ಬೆಳೆದಿದೆ, ಪ್ಲಾಸ್ಟರ್ ಅಂಟು ಮೆತ್ತಿಕೊಂಡಿದೆ. ನಾನು ಟಬ್ ತಂದು "ಅಪ್ಪಾ, ಕಾಲು ಇತ್ಲಾಗೆ ಕೊಡಿ" ಅಂದರೆ, "ಬೇಡ, ನೀನು ಹೋಗು, ಆಫೀಸ್ ಕೆಲಸ ನೋಡು" ಅಂತ ಹೊದಿಕೆ ಎಳೆದುಕೊಂಡರು. ಎರಡು ಸಲ ಹೀಗೇ ಆಯಿತು.

ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ಸಿಸ್ಟರ್ ಅನ್ನುವ ಹಾಗೆ ಗಂಡು ನರ್ಸುಗಳನ್ನು ಬ್ರದರ್ ಅನ್ನುತ್ತಾರಲ್ಲ, ಆ ವಾರ್ಡಿನ ಬ್ರದರ್ ಬಾಗಲಕೋಟೆ ಕಡೆಯ ಹುಡುಗ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಇರಬಹುದು. ಅವನು ಬಂದು ಕೇಳಲೂ ಇಲ್ಲ. ಹೊದಿಕೆ ಸರಿಸಿ, "ಅಜ್ಜಾರ, ಕಾಲ್ ಈ ಕಡೆ ಚಾಚ್ರಿ. ನಾಚಿಕಿ ಯಾಕ? ನಮ್ಮಪ್ಪನ ಕಾಲ್ ಇದಕ್ಕಿಂತ ಹೊಲಸ ಇರ್ತಾವ" ಅಂದ. ಅಪ್ಪ ಕಾಲು ಕೊಟ್ಟರು. ಅವನು ಮೊಣಕಾಲೂರಿ ಕೂತು ಬೆರಳ ಸಂದಿಯನ್ನೆಲ್ಲ ಒರೆಸಿದ, ಬೇರೆ ಬೆಡ್ಡಿನವರ ಜೊತೆ ಕ್ರಿಕೆಟ್ ಬಗ್ಗೆ ಮಾತಾಡುತ್ತಲೇ. ಅಪ್ಪ ಕಿಟಕಿ ಕಡೆ ತಿರುಗಿಕೊಂಡಿದ್ದರು. ಕಣ್ಣು ಒದ್ದೆಯಾಗಿತ್ತು, ನೋವಿಗೆ ಅಂದುಕೊಂಡ ಆ ಹುಡುಗ ಇನ್ನೂ ಮೆಲ್ಲಗೆ ಒರೆಸಿದ.

ಯೋಹಾನನ ಸುವಾರ್ತೆಯಲ್ಲಿ ಪಾದ ತೊಳೆಯುವ ಕಥೆ ಇರುವುದು 13ನೇ ಅಧ್ಯಾಯದಲ್ಲಿ. ಅಲ್ಲಿ ಬಗ್ಗಿ ತೊಳೆಯುವವರಿಗೆ ಏನೂ ಕಷ್ಟವಾದಂತೆ ಬರೆದಿಲ್ಲ. ಕಷ್ಟವಾಗುವುದು ಪೇತ್ರನಿಗೆ. ನೀವು ನನ್ನ ಕಾಲು ತೊಳೆಯಕೂಡದು ಅಂತ ಹಠ ಹಿಡಿಯುತ್ತಾನೆ. ಅದನ್ನು ನಾವು ಪೇತ್ರನ ವಿನಯ ಅಂತ ಓದಿಕೊಂಡು ಬಂದಿದ್ದೇವೆ. ವಾರ್ಡಿನಲ್ಲಿ ನಾಲ್ಕು ದಿನ ಇದ್ದವರು ಹಾಗೆ ಓದುವುದಿಲ್ಲ. ಎಲ್ಲರಿಗೂ ಮಾಡಿಹಾಕಿದ ಅಮ್ಮಂದಿರು, ಎಲ್ಲರನ್ನೂ ಸಾಲಲ್ಲಿ ನಿಲ್ಲಿಸಿದ ಅಪ್ಪಂದಿರು ಬೆಡ್‌ಪ್ಯಾನ್ ಮುಂದೆ ಹಿಡಿಯುವ ಹಠ ನೋಡಿದವರಿಗೆ ಪೇತ್ರ ಯಾರು ಅಂತ ತಿಳಿಯುತ್ತದೆ.

ಐದನೇ ಮಧ್ಯಾಹ್ನ ಚಾಪೆಲ್‌ನಲ್ಲಿ ಹೆಚ್ಚು ಹೊತ್ತು ಕೂರಲಿಲ್ಲ. ಆ ದಿನ ನೋಡಿದ್ದು ಚಿತ್ರಗಳನ್ನಲ್ಲ, ಅವು ಉಳಿದಿರುವ ರೀತಿಯನ್ನು. ಕರಾವಳಿಯ ತೇವಕ್ಕೆ ಬಣ್ಣ ಮಂಕಾಗಿ 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯವರು ಸಂರಕ್ಷಣೆಯ ಕೆಲಸ ಮಾಡಿದರು. ಈ ವಿದ್ಯೆಯ ನಿಯಮವೇ ಬೇರೆ. ಮೂಲ ಚಿತ್ರಗಾರನಿಗಿಂತ ಚೆನ್ನಾಗಿ ಬರೆಯಬಲ್ಲೆ ಅನ್ನಿಸಿದರೂ ಬರೆಯುವಂತಿಲ್ಲ. ನಾಳೆ ಇನ್ನೊಬ್ಬರು ಬಂದು ನಿಮ್ಮ ಕೆಲಸವನ್ನು ತೆಗೆದುಹಾಕಲು ಆಗುವಂತೆ ಇರಬೇಕು. ಕೋಡ್ ರಿವ್ಯೂ ಮಾಡುವಾಗ ಎಲ್ಲವನ್ನೂ ನನ್ನ ಸ್ಟೈಲಿಗೆ ತಿದ್ದಿಸುವ ಹುಮ್ಮಸ್ಸಿರುವ ಗೆಳೆಯರಿಗೆ ಇದನ್ನು ಹೇಳಬೇಕು ಅಂದುಕೊಂಡಿದ್ದೇನೆ.

ನೀವು ಹೋಗುವುದಾದರೆ ಮಧ್ಯಾಹ್ನದ ಹೊತ್ತು ಬಾಗಿಲು ತೆರೆದಿರುತ್ತದಾ ಅಂತ ಮೊದಲೇ ವಿಚಾರಿಸಿ. ಕಾಲೇಜಿನ ಕಾರ್ಯಕ್ರಮ, ಮದುವೆ ಇದ್ದರೆ ಒಳಗೆ ಬಿಡಲಿಕ್ಕಿಲ್ಲ. ಮುಂದಿನ ಬೆಂಚಿಗಿಂತ ಮಧ್ಯದ ಬೆಂಚು ಒಳ್ಳೆಯದು, ಕತ್ತು ಕಡಿಮೆ ನೋಯುತ್ತದೆ. ಶೂ ಹಾಕಿಕೊಂಡು ಮಲಗಬೇಡಿ. ಸಮಯವಿದ್ದರೆ ಹಾಗೇ ಕಂಕನಾಡಿಗೆ ಹೋಗಿ. ಅದೇ 1880ರಲ್ಲಿ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಹೋಮಿಯೋಪಥಿ ಔಷಧಿ ಹಂಚುತ್ತಾ ಶುರು ಮಾಡಿದ್ದು, ಹತ್ತು ವರ್ಷಕ್ಕೆ ಕುಷ್ಠರೋಗಿಗಳಿಗೆ ಆಶ್ರಯವಾಗಿ, ಈಗ ದೊಡ್ಡ ಮೆಡಿಕಲ್ ಕಾಲೇಜಾಗಿದೆ. ಅದರ ಕಥೆಗೆ ಬೇರೆಯೇ ಲೇಖನ ಬೇಕು.

ಮೊಸ್ಕೆನಿಯ ಕಥೆಯ ಉಳಿದ ಭಾಗ ನಾನು ನೋಡಿದ್ದು ನಾಲ್ಕು ತಿಂಗಳಾದ ಮೇಲೆ, ಕೊಚ್ಚಿಯಲ್ಲಿ. ಟೀಮ್ ಔಟಿಂಗಿನವರು ಚೀನಾ ಬಲೆಗಳ ಹತ್ತಿರ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಗ ನಾನು ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬೆಸಿಲಿಕಾಗೆ ನಡೆದುಹೋದೆ. ಅದರ ಒಳಗಿನ ಚಿತ್ರಗಳೂ ಅವನದ್ದೇ, ಜೊತೆಗೆ ಕೆಲಸ ಮಾಡಿದ್ದು ಮಂಗಳೂರಿನಲ್ಲಿ ಅವನಿಗೆ ಸಿಕ್ಕಿದ ಶಿಷ್ಯ ಡಿ ಗಾಮ. ಒಳಗೆ ಕಾಲಿಟ್ಟಾಗ ಪರಿಚಯದವರ ಮನೆಗೆ ಬಂದ ಹಾಗಾಯಿತು. ಅದೇ ಬಣ್ಣದ ಹುಚ್ಚು, ಅದೇ ಖಾಲಿ ಬಿಡದ ಹಟ. ಚರ್ಚಿನ ಪ್ರತಿಷ್ಠಾಪನೆ ನಡೆದದ್ದು 1905ರ ನವೆಂಬರ್ 19ರಂದು. ಮೊಸ್ಕೆನಿ ತೀರಿಕೊಂಡದ್ದು ನವೆಂಬ‌ರ್ 15ರಂದು. ದೀಪ ಹಚ್ಚಿ, ಧೂಪ ಹಾಕಿ, ಜನ ತುಂಬಿ ಕತ್ತೆತ್ತಿ ನೋಡಿದ ದಿನ ಅವನು ಇರಲಿಲ್ಲ.

ಹೊರಗೆ ಮಳೆಮರದ ಕೆಳಗೆ ನಿಂತು ಮನೆಗೆ ಫೋನ್ ಮಾಡಿದೆ. ಅಪ್ಪ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ಮಂಗಳೂರಿನ ಚಿತ್ರಗಾರನ ಕಥೆ ಅವರಿಗೆ ಅವತ್ತೇ ಹೇಳಿದ್ದೆ, ಈಗ ಕೊನೆಯದನ್ನೂ ಹೇಳಿದೆ.

"ನಾಲ್ಕೇ ದಿನಕ್ಕೆ?" ಅಂದರು. "ಪಾಪ, ಯಾರಾದ್ರೂ ಕುರ್ಚಿ ಹಾಕಿ ಎತ್ತಿಕೊಂಡಾದ್ರೂ ತಂದು ಕೂರಿಸ್ತಿದ್ರು."

ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ ನಾನು ಹಲೋ ಹಲೋ ಅಂದೆ.

"ಇದೀನೋ. ಆ ಬಾಗಲಕೋಟೆ ಹುಡುಗನ ನಂಬರ್ ನಿನ್ನತ್ರ ಇದೆಯಾ?"